ಸೂಪರ್ ಮಾರ್ಕೆಟ್ಟಿನೊಳಗೆ ಜೋಳದ ಗಿರಣಿ

ವಿಜಯಪುರದ ನಮ್ಮ ಮಳಿಗೆಯಲ್ಲಿ ಕಲ್ಲಿನ ಗಿರಣಿ ಹಾಕಿ ಈ ಯುಗಾದಿಗೆ ಎರಡು ವರ್ಷ ತುಂಬಿತು. ಆಗ ಬೇಡವೆಂದು ಬರೆದು ಕಳಿಸಿದ್ದ ಏರಿಯಾ ಮ್ಯಾನೇಜರರೇ ಕಳೆದ ತಿಂಗಳು ಫೋನ್ ಮಾಡಿ, ಬಾಗಲಕೋಟೆಯ ಮಳಿಗೆಗೂ ಒಂದು ಹಾಕೋಣ, ಖರ್ಚಿನ ಪಟ್ಟಿ ಕಳಿಸಿ ಎಂದು ಕೇಳಿದ್ದರಿಂದ ಇದನ್ನು ಬರೆಯಲು ಕುಳಿತಿದ್ದೇನೆ. ಯಾವ ಮಾಲಿಗೆ ರ್ಯಾಕಿನಲ್ಲಿ ಎಷ್ಟು ಜಾಗ ಎಂದು ತೋರಿಸುವ ನಕ್ಷೆಗೆ ನಮ್ಮಲ್ಲಿ ಪ್ಲಾನೋಗ್ರಾಮ್ ಎನ್ನುತ್ತಾರೆ. ನಮ್ಮದು ಬೆಂಗಳೂರಿನಿಂದ ಬರುತ್ತದೆ. ಅದರಲ್ಲಿ ಅಕ್ಕಿಗೆ 16 ಅಡಿ, ಗೋಧಿ ಹಿಟ್ಟಿಗೆ 8 ಅಡಿ, ಜೋಳದ ಹಿಟ್ಟಿಗೆ ಒಂದೇ ಒಂದು ಹಲಗೆ ಇತ್ತು. ಎರಡು ಹೊತ್ತೂ ರೊಟ್ಟಿ ಬಡಿಯುವ ಊರಿನಲ್ಲಿ ಇದು ಎಂಥ ಹಂಚಿಕೆ ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಆ ಒಂದು ಹಲಗೆಯ ಹಿಟ್ಟೂ ಖರ್ಚಾಗುತ್ತಿರಲಿಲ್ಲ. ಇಲ್ಲಿಯವರು ಪ್ಯಾಕೆಟ್ ಹಿಟ್ಟು ಕೊಳ್ಳುವುದಿಲ್ಲ ಎಂದು ಹೆಡ್ ಆಫೀಸಿನವರು ಷರಾ ಬರೆದು ಸುಮ್ಮನಾದರು. ನಿಜವಾದ ಕಾರಣ ನನಗೆ ತಿಳಿದದ್ದು ವಯಸ್ಸಾದ ಒಬ್ಬ ತಾಯಿಯಿಂದ. ಪ್ಯಾಕೆಟ್ ಹಿಂದಿರುಗಿಸಲು ಬಂದ ಅವರು ನನ್ನ ಮೇಜಿನ ಮೇಲೆಯೇ ಒಂದು ಹಿಡಿ ಹಿಟ್ಟು ಸುರಿದು, ನನ್ನದೇ ಬಾಟಲಿಯ ನೀರು ಹಾಕಿ ನಾದಿ, ಉಂಡೆ ಮಾಡಿ ಅಂಗೈಯಿಂದ ಒತ್ತಿದರು. ಅಂಚು ನಾಲ್ಕೂ ಕಡೆ ಸೀಳಿತು. "ನೋಡು ತಮ್ಮಾ, ಇದಕ್ಕ ಜಿಗಿನೇ ಇಲ್ಲ, ರೊಟ್ಟಿ ಹ್ಯಾಂಗ ಬಡೀಲಿ?" ಎಂದರು. ಜಿಗಿ ಎಂದರೆ ಹಿಟ್ಟಿನ ಅಂಟು. ಪ್ಯಾಕೆಟ್ಟಿನ ಮೇಲೆ ಮೂರು ತಿಂಗಳ ಅವಧಿ ಇತ್ತು. ಆದರೆ ಆ ಹಿಟ್ಟು ಬೀಸಿದ ಕಡೆಯಿಂದ ಹುಬ್ಬಳ್ಳಿಯ ಗೋದಾಮಿಗೆ ಬಂದು, ಅಲ್ಲಿಂದ ನಮ್ಮ ರ್ಯಾಕಿಗೆ ಏರುವಷ್ಟರಲ್ಲಿ 40 ದಿನ ಕಳೆದಿರುತ್ತಿತ್ತು. ಜೋಳದ ಹಿಟ್ಟಿನ ಆಯುಷ್ಯವನ್ನು ಎಕ್ಸ್‌ಪೈರಿ ದಿನಾಂಕ ನೋಡಿ ಅಳೆಯಲು ಬರುವುದಿಲ್ಲ.

ಮೊದಲು ನಾನು ಹಿಟ್ಟಿನ ಗೊಡವೆಯೇ ಬೇಡವೆಂದು ಇಡೀ ಜೋಳ ಮಾರಲು ಹೊರಟೆ. ಮಾರ್ಚ್ ತಿಂಗಳಲ್ಲಿ ಹಿಂಗಾರಿ ಮಾಲದಂಡಿ ಜೋಳ ಹೊಸದಾಗಿ ಎಪಿಎಂಸಿಗೆ ಬಂದಾಗ ವಿಶೇಷ ಅನುಮತಿ ಪಡೆದು ಸುಮಾರು 60 ಕ್ವಿಂಟಲ್ ಕೊಂಡೆ. ಸುಗ್ಗಿಯ ಹೊತ್ತಿನಲ್ಲಿ ಊರ ಜನ ತಮ್ಮ ಹೊಲದಿಂದಲೋ ಬೀಗರಿಂದಲೋ ವರ್ಷದ ಜೋಳ ತುಂಬಿಡುತ್ತಾರೆ ಎಂಬುದು ಇಲ್ಲೇ ಹುಟ್ಟಿ ಬೆಳೆದ ನನಗೆ ಹೊಳೆಯಲಿಲ್ಲವೆಂದರೆ ಇಂದಿಗೂ ನಾಚಿಕೆಯಾಗುತ್ತದೆ. ಜೂನ್ ವೇಳೆಗೆ 22 ಕ್ವಿಂಟಲ್ ಹೋಗಿತ್ತು. ಉಳಿದದ್ದಕ್ಕೆ ನುಸಿ ಹಿಡಿದು, ಪಕ್ಕದ ಬೇಳೆಯ ಚೀಲಗಳಿಗೂ ಹತ್ತಿತು. ಕೋಳಿ ಆಹಾರದವರಿಗೆ ಅರ್ಧಕ್ಕಿಂತ ಕಡಿಮೆ ದರಕ್ಕೆ ಕೊಟ್ಟು ಕೈ ತೊಳೆದುಕೊಂಡೆ. ನಷ್ಟ ಹತ್ತಿರ ಹತ್ತಿರ 1 ಲಕ್ಷ ರೂಪಾಯಿ. ಆ ವರ್ಷ ನನ್ನ ಬೋನಸ್ಸು ಬರಲಿಲ್ಲ.

ನಷ್ಟವಾದ ಮೇಲೆ ಆ 22 ಕ್ವಿಂಟಲ್ ಕೊಂಡವರು ಯಾರೆಂದು ಬಿಲ್ಲುಗಳನ್ನು ತೆಗೆದು ನೋಡಿದೆ. ಹೊಲವಿಲ್ಲದವರು, ಬಾಡಿಗೆ ಮನೆಯ ನೌಕರರು, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಅವರಲ್ಲಿ ಹತ್ತಾರು ಜನರಿಗೆ ಫೋನ್ ಮಾಡಿದಾಗ ಎಲ್ಲರೂ ಒಂದೇ ಮಾತು ಹೇಳಿದರು: ಜೋಳ ಚೆನ್ನಾಗಿದೆ, ಆದರೆ ಗಿರಣಿಗೆ ಹೋಗಿ ಪಾಳಿ ಹಚ್ಚಿ ನಿಲ್ಲಲು ಪುರುಸೊತ್ತಿಲ್ಲ. ಗಿರಣಿಯನ್ನೇ ಒಳಗೆ ತರುವ ಯೋಚನೆ ಅಲ್ಲಿಂದ ಹುಟ್ಟಿತು.

ಹೆಡ್ ಆಫೀಸಿನಲ್ಲಿ ನನ್ನ ಮಾತಿಗೆ ತೂಕ ಬರಲೆಂದು ವಾಲ್‌ಮಾರ್ಟ್ ಕಥೆಯನ್ನು ಮುಂದಿಟ್ಟೆ. ಅಷ್ಟು ದೊಡ್ಡ ಕಂಪನಿ ತನ್ನ ಅಮೆರಿಕದ ಪದ್ಧತಿಗಳನ್ನೇ ಜರ್ಮನಿಗೆ ಹೊತ್ತೊಯ್ದು, ಅಲ್ಲಿ ಹೊಂದಿಕೊಳ್ಳಲಾಗದೆ 2006ರಲ್ಲಿ 85 ಮಳಿಗೆಗಳನ್ನು ಮೆಟ್ರೋ ಕಂಪನಿಗೆ ಮಾರಿ ಹೊರನಡೆಯಿತು ಎಂದೆ. "ವಿಜಯಪುರ ಜರ್ಮನಿಯಲ್ಲ" ಎಂದು ಒಬ್ಬರು ನಕ್ಕರು. ಇನ್ನೊಬ್ಬರು ಡಿಮಾರ್ಟ್ ಉದಾಹರಣೆ ಕೊಟ್ಟು, ಅವರು ಇಂಥ ಸರ್ಕಸ್ ಮಾಡದೆಯೇ ಗೆದ್ದಿಲ್ಲವೇ ಎಂದು ಕೇಳಿದರು. ಡಿಮಾರ್ಟ್‌ನವರು ಹೆಚ್ಚಿನ ಕಟ್ಟಡಗಳನ್ನು ಸ್ವಂತಕ್ಕೆ ಕೊಂಡು, ಬಾಡಿಗೆಯ ಹೊರೆ ಇಳಿಸಿಕೊಂಡು, ಅದರ ಬಲದಿಂದ ದರ ಇಳಿಸುತ್ತಾರೆ. ನಾವು ಬಾಡಿಗೆ ಕಟ್ಟುವವರು, ದರದ ಪೈಪೋಟಿಯಲ್ಲಿ ಅವರನ್ನು ಹಿಂದೆ ಹಾಕುವುದು ನಮ್ಮಿಂದ ಆಗದು. ಕೊನೆಗೆ ಆರು ತಿಂಗಳ ಮಟ್ಟಿಗೆ, ಹಿಂಬದಿಯ 180 ಚದರ ಅಡಿ ಜಾಗಕ್ಕೆ ಮಾತ್ರ ಒಪ್ಪಿಗೆ ಸಿಕ್ಕಿತು.

ಗಿರಣಿ, ಮೋಟಾರು, ಧೂಳು ಹೀರುವ ಯಂತ್ರ, ಗಾಜಿನ ಗೋಡೆ ಎಲ್ಲಾ ಸೇರಿ 2,80,000 ರೂಪಾಯಿ ಆಯಿತು. ಗಾಜಿನ ಗೋಡೆಯನ್ನು ಮೊದಲು ಹಾಕಿರಲಿಲ್ಲ. ಒಂದೇ ವಾರದಲ್ಲಿ ಆಚೆ ಸಾಲಿನ ಕಪ್ಪು ಪ್ಯಾಂಟುಗಳೆಲ್ಲ ಬೂದಿ ಬಳಿದಂತಾಗಿ, ಬಟ್ಟೆ ವಿಭಾಗದವರು ನನ್ನ ಮೇಲೆ ದೂರು ಬರೆದ ಮೇಲೆ ಹಾಕಿದ್ದು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಬಿಸಿಯಿಂದ. ಬೆಳಿಗ್ಗೆಯಿಂದ ಬಿಡುವಿಲ್ಲದೆ ತಿರುಗಿದ ಕಲ್ಲು ಕಾದು, ಸಂಜೆಯ ಹೊತ್ತಿಗೆ ಹಿಟ್ಟು ಕೈ ಸುಡುವಂತೆ ಬರುತ್ತಿತ್ತು. ಅದನ್ನು ಹಾಗೆಯೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಒಳಗೆ ಬೆವೆತು ಗಂಟು ಕಟ್ಟುತ್ತಿತ್ತು. ತಾಜಾ ಹಿಟ್ಟಿಗೂ ಜಿಗಿ ಇಲ್ಲವೆಂಬ ದೂರು ಬಂದ ದಿನ ನಾನು ನಿಜಕ್ಕೂ ಕಂಗೆಟ್ಟೆ. ಈಗ ತಾಸಿಗೊಮ್ಮೆ ಗಿರಣಿ ನಿಲ್ಲಿಸುತ್ತೇವೆ, ಹಿಟ್ಟನ್ನು ಅಗಲವಾದ ತಟ್ಟೆಯಲ್ಲಿ ಹರವಿ ಆರಿಸುತ್ತೇವೆ, ಬಟ್ಟೆ ಚೀಲ ತಂದವರಿಗೆ ಕಿಲೋಗೆ 1 ರೂಪಾಯಿ ಬಿಡುತ್ತೇವೆ. ಕಲ್ಲುಗಳ ನಡುವಿನ ಅಂತರ ಎಷ್ಟಿಡುತ್ತೇವೆ, ಬೀಸುವ ಹಿಂದಿನ ರಾತ್ರಿ ಜೋಳಕ್ಕೆ ಏನು ಮಾಡುತ್ತೇವೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಲಿಯಲು ನನಗೆ ಎಂಟು ಕ್ವಿಂಟಲ್ ಜೋಳ ಹಾಳಾಗಿದೆ.

ಮೊದಲೇ ಬೀಸಿ ಪ್ಯಾಕ್ ಮಾಡಿಡಿ, ಆಳಿನ ಖರ್ಚು ಉಳಿಯುತ್ತದೆ ಎಂಬ ಸಲಹೆಯೂ ಬಂದಿತ್ತು. 2022ರ ಜುಲೈ 18ರಿಂದ 25 ಕಿಲೋವರೆಗಿನ, ಲೇಬಲ್ ಹಚ್ಚಿದ ಧಾನ್ಯ ಮತ್ತು ಹಿಟ್ಟಿನ ಪ್ಯಾಕೆಟ್ಟಿಗೆ ಶೇ. 5ರಷ್ಟು ಜಿಎಸ್‌ಟಿ ಬಿದ್ದಿದೆ, ಕಣ್ಣೆದುರು ತೂಗಿ ಕೊಡುವ ಬಿಡಿ ಮಾಲಿಗೆ ಇಲ್ಲ. ಕಿಲೋಗೆ ಎರಡೂವರೆ ರೂಪಾಯಿಯ ಈ ವ್ಯತ್ಯಾಸವೇ ನನ್ನ ನಿವ್ವಳ ಲಾಭಕ್ಕೆ ಸಮ.

ಈಗ ದಿನಕ್ಕೆ ಸರಾಸರಿ 280 ಕಿಲೋ ಹಿಟ್ಟು ಹೋಗುತ್ತದೆ. ಆಳು, ಕರೆಂಟು, ಸವಕಳಿ ಕಳೆದು ಕಿಲೋಗೆ ಮೂರು ರೂಪಾಯಿಯೂ ಉಳಿಯುವುದು ಕಷ್ಟ, ಅಂದರೆ ತಿಂಗಳಿಗೆ 25,000 ರೂಪಾಯಿಯ ಒಳಗೆ. ಚದರ ಅಡಿಗೆ ಇಷ್ಟು ಗಳಿಸಬೇಕೆಂಬ ಕಂಪನಿಯ ಲೆಕ್ಕದಲ್ಲಿ ಆ ಜಾಗ 36,000 ತರಬೇಕು. ಆ ಲೆಕ್ಕದಂತೆ ನಾನು ಇಂದಿಗೂ ಫೇಲು. ನಾನು ತೋರಿಸಿದ್ದು ಬೇರೆ ಲೆಕ್ಕ. ಒಳ್ಳೆಯ ಹಿಟ್ಟು ಹತ್ತು ದಿನದ ಮೇಲೆ ಚೆನ್ನಾಗಿರುವುದಿಲ್ಲವಾದ್ದರಿಂದ, ಸಂಬಳದ ವಾರ ಒಮ್ಮೆ ಬಂದು ತಿಂಗಳ ಸಂತೆ ಮುಗಿಸಿ ಹೋಗುತ್ತಿದ್ದ ಮನೆಯವರು ಈಗ ತಿಂಗಳಿಗೆ ಮೂರು ಸಲ ಬರುತ್ತಾರೆ. ಹಿಟ್ಟು ಬೀಸುವ ಹತ್ತು ಹದಿನೈದು ನಿಮಿಷ ಅವರು ಸುಮ್ಮನೆ ನಿಲ್ಲುವುದಿಲ್ಲ. ಸೋಪು, ಎಣ್ಣೆ, ಮಕ್ಕಳ ಬಿಸ್ಕತ್ತು ಬುಟ್ಟಿಗೆ ಬೀಳುತ್ತವೆ. ಕಾರ್ಡ್ ಇರುವ ಸುಮಾರು 900 ಮನೆಗಳಲ್ಲಿ, ಹಿಟ್ಟು ಬಿಟ್ಟು ಉಳಿದ ತಿಂಗಳ ಖರೀದಿ 2,100 ರೂಪಾಯಿಯಿಂದ 2,900ರ ಆಸುಪಾಸಿಗೆ ಏರಿತು. ಹೀಗೆ ಏರಿದ ಖರೀದಿಯ ಮಾರ್ಜಿನ್ನೇ ತಿಂಗಳಿಗೆ 1 ಲಕ್ಷದಷ್ಟು. ಹಾಕಿದ ಹಣ ಒಂಬತ್ತು ತಿಂಗಳಲ್ಲಿ ತಿರುಗಿ ಬಂತು, ಅದರಲ್ಲಿ ಮೊದಲ ಐದು ತಿಂಗಳು ಬರೀ ನಷ್ಟವೇ ಆಗಿತ್ತು.

ಈ ನಡುವೆ ಇನ್ನೆರಡು ಪ್ರಯೋಗ ಮಾಡಿದೆ. ಸ್ತ್ರೀಶಕ್ತಿ ಸಂಘದವರಿಂದ ಗರಿಗರಿಯಾದ ಒಣ ಕಟಕ ರೊಟ್ಟಿ ತರಿಸಿ ಗಿರಣಿಯ ಪಕ್ಕದಲ್ಲಿಟ್ಟದ್ದು ಕೈ ಹಿಡಿಯಲಿಲ್ಲ. ಹತ್ತರಲ್ಲಿ ಮೂರು ಮುರಿಯುತ್ತಿದ್ದವು, ಮುರಿದದ್ದನ್ನು ನಮ್ಮ ಹುಡುಗರೇ ಶೇಂಗಾ ಚಟ್ನಿಯೊಂದಿಗೆ ಮುಗಿಸುತ್ತಿದ್ದರು. ಎಳ್ಳು ಅಮಾವಾಸ್ಯೆಗೆ ಮುಂಚಿನ ನಾಲ್ಕು ದಿನ ಸಜ್ಜಿ ಬೀಸಿದ್ದು ಮಾತ್ರ ಭರ್ಜರಿಯಾಗಿ ನಡೆಯಿತು. ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆ ಚೆಲ್ಲಲು, ಹೊಲವಿಲ್ಲದವರಿಗೂ ಆ ದಿನ ಸಜ್ಜಿ ರೊಟ್ಟಿ ಬೇಕೇ ಬೇಕು. ಮೂರು ಕ್ವಿಂಟಲ್ ಸಾಲದೆ, ಕೊನೆಯ ದಿನ ಬೇರೆ ಅಂಗಡಿಯಿಂದ ಚಿಲ್ಲರೆ ದರಕ್ಕೆ ತಂದು ಬೀಸಿಕೊಟ್ಟೆ.

ಬಾಗಲಕೋಟೆಯ ಮಳಿಗೆಯವರು ಮೋಟಾರಿನ ಅಳತೆ, ಧೂಳಿನ ಯಂತ್ರದ ಬಿಲ್ಲು, ಡೋಣಿ ನದಿಯ ಸಾಲಿನ ಜೋಳ ಕೊಡುವ ದಲಾಲರ ಹೆಸರು ಮೂರನ್ನೂ ಕೇಳಿದ್ದರು. ಮೊದಲಿನ ಎರಡನ್ನು ಅಂದೇ ಕಳಿಸಿದ್ದೇನೆ.