ಎಷ್ಟು ಕುಡೀತೀಯ ಅಂತ ಕೇಳೋದು ಬಿಟ್ಟೆ

ಮೂಡಿಗೆರೆ ಸುತ್ತಿನ ಕಾಫಿ ತೋಟಗಳಲ್ಲಿ ಕೂಲಿಯವರು ಸಾಲಾಗಿ ವಾಸ ಇರುವ ಲೈನ್ ಮನೆಗಳಿಗೆ ಹೋಗಿ, ಕುಡಿತ ಬಿಡುವವರ ಜೊತೆ ನಿಲ್ಲುವುದು ನನ್ನ ಕೆಲಸ. ಕಾಗದದಲ್ಲಿ ಆಪ್ತ ಸಮಾಲೋಚಕಿ. ಲೈನಿನವರಿಗೆ ಸುಮ್ನೆ ‘ಅಕ್ಕ’. ಹದಿನಾಲ್ಕು ವರ್ಷ ಆಯ್ತು. ಶುರುವಿನಲ್ಲಿ ನಾನು ಮಾಡಿದ ಒಂದು ತಪ್ಪಿನಿಂದಲೇ ಹೇಳಬೇಕು. ಆಮೇಲೆ ಕಲಿತದ್ದೆಲ್ಲ ಅಲ್ಲಿಂದಲೇ ಬಂದಿದ್ದು.

ಒಂದು ತೋಟದಲ್ಲಿ ಮರಗಸಿ ಮಾಡುವ ಅಣ್ಣ ಒಬ್ಬರಿದ್ದರು. ಮಳೆ ಹಿಡಿಯುವ ಮೊದಲು ನೆರಳಿನ ಮರ ಹತ್ತಿ ಕೊಂಬೆ ಕಡಿಯುವ ಕೆಲಸ. ಎಲ್ಲರಿಗೂ ಬರುವ ಕೆಲಸ ಅಲ್ಲ ಅದು. ದಿನಾ ಕುಡಿಯುತ್ತಿದ್ದರು. ನಾನು ಹೋಗಿ ಬುದ್ಧಿ ಹೇಳಿದೆ, ಮಕ್ಕಳ ಮುಖ ನೋಡಿ ಅಂದೆ, ಕೊನೆಗೆ ಚೌಡಿ ಕಟ್ಟೆ ಮುಂದೆ ನಿಲ್ಲಿಸಿ ಆಣೆ ಮಾಡಿಸಿದೆ. ಅವರು ಅವತ್ತೇ ನಿಲ್ಲಿಸಿಬಿಟ್ಟರು. ನಾನು ಖುಷಿಯಲ್ಲಿ ಮನೆಗೆ ಬಂದೆ.

ಮೂರನೇ ದಿನ ಅವರ ಹೆಂಡತಿ ಫೋನ್ ಮಾಡಿದರು. ಹೋಗಿ ನೋಡಿದರೆ ಅಣ್ಣ ಮೂಲೆಯಲ್ಲಿ ಕೂತು ಕಂಬಳಿಯಿಂದ ಏನನ್ನೋ ಹೆಕ್ಕಿ ಹೆಕ್ಕಿ ಎಸೆಯುತ್ತಿದ್ದರು. ಕೈ ಗಡಗಡ ನಡುಗುತ್ತಿತ್ತು. ಚಳಿಯಲ್ಲೂ ಬನಿಯನ್ ಒದ್ದೆ. “ಚಗಳಿ ಅಕ್ಕಾ, ಮೈಮೇಲೆಲ್ಲ ಚಗಳಿ ಹರೀತಿದೆ, ಓಡ್ಸು” ಅಂದರು. ಕಂಬಳಿ ಮೇಲೆ ಒಂದು ಇರುವೆಯೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಫಿಟ್ಸ್ ಬಂತು. ಲೈನಿನವರು ಗುಸುಗುಸು ಮಾಡಿದರು: ಆಣೆ ಮುರಿದಿರಬೇಕು, ಅದಕ್ಕೇ ಚೌಡಿ ಹಿಡಿದಿದೆ. ಹೆಂಡತಿಯೂ ಹಾಗೇ ನಂಬಿ ಅಳುತ್ತಿದ್ದರು. ತೋಟದ ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ಡಾಕ್ಟರು ಎರಡು ಮಾತಿನಲ್ಲಿ ತಿಳಿಸಿದರು. ಆಣೆ ಉಳಿಸಿಕೊಂಡಿದ್ದಕ್ಕೇ ಅವರಿಗೆ ಹಾಗಾಗಿತ್ತು.

ಇದು ತುಂಬ ಜನರಿಗೆ ಗೊತ್ತಿಲ್ಲ, ಅದಕ್ಕೆ ಬಿಡಿಸಿ ಹೇಳುತ್ತೇನೆ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಆರೆಂಟು ಗಂಟೆಯಲ್ಲಿ ಕೈ ನಡುಕ, ಬೆವರು ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು-ಮೂರನೇ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಇಲ್ಲದ್ದು ಕೇಳುತ್ತದೆ, ತಾನೆಲ್ಲಿದ್ದೇನೆ ಅನ್ನುವುದೂ ತಿಳಿಯುವುದಿಲ್ಲ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಡಾಕ್ಟರ ಕಣ್ಣೆದುರು ಕೆಲವು ದಿನ ಮಾತ್ರೆ, ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟರೆ ಇದನ್ನು ದಾಟಿಸಬಹುದು. 2020ರ ಲಾಕ್‌ಡೌನ್‌ನಲ್ಲಿ ಮಾರ್ಚ್ ಕೊನೆಯಿಂದ ಮೇ 4ರವರೆಗೆ ಮದ್ಯದಂಗಡಿಗಳು ಮುಚ್ಚಿದ್ದಾಗ ಲೈನ್ ಮನೆಗಳಲ್ಲಿ ಇದನ್ನೇ ಮತ್ತೆ ಕಂಡೆ. ಆ ಹೊತ್ತಿಗೆ ನನಗೆ ಗೊತ್ತಿತ್ತು, ಓಡಾಡಿ ಆಸ್ಪತ್ರೆಗೆ ಸೇರಿಸಿದೆ. ಆ ಮೊದಲ ಸಲ ಗೊತ್ತಿರಲಿಲ್ಲ. ಆ ಅಣ್ಣ ಉಳಿದದ್ದು ಜೀಪ್ ಹತ್ತಿರ ಇತ್ತು ಅಂತ.

ಉಳಿದರು. ಎರಡು ತಿಂಗಳಿಗೆ ಮತ್ತೆ ಕುಡಿಯಲು ಶುರು ಮಾಡಿದರು. ನಾನು ಸಿಟ್ಟಿನಲ್ಲೇ ಹೋಗಿ, ಈಗ ಎಷ್ಟು ಕುಡೀತೀರಿ ಅಂತ ಕೇಳಿದೆ. ಅಣ್ಣ ಕತ್ತಿ ಮಸೆಯುತ್ತಾ ಕೂತಿದ್ದರು, ತಲೆ ಎತ್ತಲಿಲ್ಲ. “ಎಷ್ಟು ಕುಡೀತೀಯ ಅಂತ ಎಲ್ರೂ ಕೇಳ್ತಾರೆ ಅಕ್ಕಾ. ಹತ್ತು ಮರ ಹತ್ತಿಳಿದ್ರೆ ಸೊಂಟ ಏನಾಗತ್ತೆ ಅಂತ ಯಾರೂ ಕೇಳಲ್ಲ” ಅಂದರು.

ಅವತ್ತು ಮೂಡಿಗೆರೆಗೆ ವಾಪಸ್ ಬರುವ ದಾರಿಯಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಕೊಂಡೆ. ಪುಟಕ್ಕೆ ಏಳು ಚೌಕದ ಮನೆ ಗೆರೆ ಹಾಕಿದೆ, ದಿನಕ್ಕೊಂದು. ಮುಂದಿನ ಸಲದಿಂದ ಕುಡಿತದ ಮಾತೇ ಎತ್ತಲಿಲ್ಲ. ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳ್ತೀರಿ, ಏನು ತಿಂದು ಹೋಗ್ತೀರಿ, ಯಾವ ಕೆಲಸ, ಎಲ್ಲಿ ನೋವು, ಕೂಲಿ ಬಟವಾಡೆ ಯಾವ ದಿನ, ಯಾರು ಕೊಡ್ತಾರೆ, ಯಾರ ಕೈಗೆ, ಅಲ್ಲಿಂದ ಮನೆಗೆ ಯಾವ ದಾರಿ, ಜೊತೆಗೆ ಯಾರು. ಇಷ್ಟು ಕೇಳುತ್ತಾ ಹೋದರೆ ಕುಡಿತ ತಾನಾಗಿಯೇ ಬಂದು ಒಂದೊಂದು ಮನೆಯಲ್ಲಿ ಕೂರುತ್ತದೆ. ಯಾರೂ ಸುಳ್ಳು ಹೇಳಬೇಕಾಗುವುದಿಲ್ಲ.

ಆ ಅಣ್ಣನ ಪುಟ ಈಗಲೂ ನನ್ನ ಹತ್ತಿರ ಇದೆ. ಬೆಳಿಗ್ಗೆ ಗಂಜಿ. ಮರ ಹತ್ತುವ ಮೊದಲು ಒಂದು ನೈಂಟಿ, ಹೆದರಿಕೆಗೆ. “ಮಂಜಿಗೆ ಕೊಂಬೆ ಜಾರತ್ತೆ, ಕೆಳಗೆ ನೋಡಿದ್ರೆ ಎದೆ ಹೊಡ್ಕೊಳ್ಳತ್ತೆ” ಅಂದಿದ್ದರು. ಮಧ್ಯಾಹ್ನ ಊಟ ತಣ್ಣಗಿನ ಅನ್ನ, ಉಪ್ಪಿನಕಾಯಿ. ಸಂಜೆ ಸೊಂಟಕ್ಕೆ ಒಂದು ಕ್ವಾರ್ಟರ್. ರಾತ್ರಿ ಒಂದೇ ಕೋಣೆಯಲ್ಲಿ ಏಳು ಜನ, ಮಳೆಗಾಲದಲ್ಲಿ ಹೆಂಚಿನ ಸೋರಿಕೆ ಬೇರೆ, ನಿದ್ದೆಗೆ ಇನ್ನೊಂದು ನೈಂಟಿ. ಒಂದು ಕ್ವಾರ್ಟರ್ ಅಂದರೆ 180 ಎಂಎಲ್ ವಿಸ್ಕಿ, ನೈಂಟಿ ಅಂದರೆ ಅದರ ಅರ್ಧ. ಒಂದು ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ. ಎರಡು ನೈಂಟಿ ಸೇರಿದರೆ ಇನ್ನೊಂದು 60. ದಿನಕ್ಕೆ 120 ಗ್ರಾಂ, ಸರಿಯಾದ ಊಟ ಇಲ್ಲದ ಹೊಟ್ಟೆಗೆ.

ಅದೇ ಪುಟದ ಬಟವಾಡೆ ಮನೆಯಲ್ಲಿ ಬರೆದದ್ದು ಓದಿದರೆ ಈಗಲೂ ಬೇಜಾರಾಗುತ್ತದೆ. ಸಂತೆಯ ಹಿಂದಿನ ಸಂಜೆ, ಐದೂವರೆಗೆ. ಗಂಡ-ಹೆಂಡತಿ ಇಬ್ಬರ ಕೂಲಿಯೂ ಗಂಡನ ಕೈಗೆ. ಮಗಳ ಮದುವೆಗೆ ತೆಗೆದ ಮುಂಗಡ ಅಲ್ಲೇ ಮುರಿದುಕೊಳ್ಳುತ್ತಾರೆ. ಉಳಿದದ್ದರಲ್ಲಿ ಮಂಗಳವಾರ ಸಂಘದ ಕಂತು. ಅಂಗಡಿ ಬಾಕಿ. “ಕೈಗೆ ಬರೋ ಹೊತ್ತಿಗೇ ಅದು ಬೇರೆಯವ್ರ ದುಡ್ಡು ಅಕ್ಕಾ. ಉಳಿಯೋದೇ ಇಲ್ಲ ಅಂದ್ಮೇಲೆ ಕುಡಿದ್ರೇನು?” ಇದನ್ನು ಕುಡುಕನ ನೆಪ ಅಂತ ತಳ್ಳಿಹಾಕುವವರು ಜಾಸ್ತಿ. ನಾನೂ ತಳ್ಳಿಹಾಕಿದ್ದೆ. ಆದರೆ ಅದೇ ಸಾಲವನ್ನು ಕಂತು ಕಂತಾಗಿ ಬರೆದು, ಇಷ್ಟು ವಾರಕ್ಕೆ ಮುಗಿಯುತ್ತೆ ಅಂತ ತೋರಿಸಿದಾಗ ಅವರ ಮುಖದಲ್ಲಿ ಆದ ಬದಲಾವಣೆ ನಾನು ಕಣ್ಣಾರೆ ನೋಡಿದ್ದೇನೆ. ಕೊನೆ ಕಾಣದ ಸಾಲ ಮನುಷ್ಯನನ್ನು ಬಾಟಲಿ ಹತ್ತಿರ ಕರೆದೊಯ್ಯುತ್ತದೆ.

ನೋಟ್‌ಬುಕ್ ತುಂಬುತ್ತಾ ಬಂದ ಹಾಗೆ ಬೇರೆ ಬೇರೆ ಮನೆಗಳ ಪುಟ ಒಂದೇ ಥರ ಕಾಣತೊಡಗಿತು. ನೋವು, ಚಳಿ, ನಿದ್ದೆ ಇಲ್ಲದ ಕೋಣೆ, ಸಂಜೆಯ ಬಟವಾಡೆ, ಮನೆ ದಾರಿಯಲ್ಲಿ ಕಿರಾಣಿ ಅಂಗಡಿ. ಆ ಕಿರಾಣಿ ಅಂಗಡಿಯಲ್ಲಿ ಅಕ್ಕಿ ಮೂಟೆಯ ಹಿಂದೆ ಮದ್ಯದ ಪೊಟ್ಟಣ ಇರುತ್ತದೆ, ಎಂಆರ್‌ಪಿಗಿಂತ ಹತ್ತು ರೂಪಾಯಿ ಜಾಸ್ತಿ, ಆದರೆ ಸಾಲಕ್ಕೆ ಸಿಗುತ್ತದೆ. ಲೈಸೆನ್ಸ್ ಇರುವ ಅಂಗಡಿ ಸಾಲ ಕೊಡುವುದಿಲ್ಲ. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಲೈನಿನ ಅಜ್ಜಿಯಂದಿರು ಆ ಕಾಲದ ಪ್ಯಾಕೆಟ್ ಸಾರಾಯಿ ಮಾತು ಈಗಲೂ ಆಡುತ್ತಾರೆ. ಕುಡಿತ ನಿಲ್ಲಲಿಲ್ಲ, ಅದೇ ಕೈಗಳಿಗೆ ಅಗ್ಗದ ವಿಸ್ಕಿ ಬಂತು, ಖರ್ಚು ಏರಿತು. 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ ಸರ್ಕಾರ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಈ ಲೆಕ್ಕ ಓದುವಾಗ ನನಗೆ ಆ ಬಟವಾಡೆ ಮನೆಯೇ ಕಣ್ಣ ಮುಂದೆ ಬರುತ್ತದೆ. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿಕೊಂಡು ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದರಲ್ವಾ, ಅವರ ಕಾಲಿನ ಬೊಬ್ಬೆಯಲ್ಲೂ ಇದೇ ಲೆಕ್ಕ ಇತ್ತು. ನಿಷೇಧ ಒಂದರಿಂದಲೇ ಸರಿಹೋಗುತ್ತದೆ ಅಂತ ನಾನು ನಂಬುವುದಿಲ್ಲ. ಆದರೆ ಅವರ ಸಿಟ್ಟು ನನ್ನ ಸಿಟ್ಟೂ ಹೌದು.

ನನ್ನ ಕೈಯಲ್ಲಿ ಆಗುವುದು ಬಟವಾಡೆ ಅನ್ನಿಸಿತು. ಆ ತೋಟದ ಸಾಹುಕಾರ್ರ ಹತ್ತಿರ ಹೋದೆ. “ನಮ್ಮಪ್ಪನ ಕಾಲದಿಂದ ಹೀಗೇ ನಡ್ಕೊಂಡು ಬಂದಿದೆ” ಅಂದರು. ತೋಟದ ಲೆಕ್ಕ ಬರೆಯುವ ರೈಟ್ರು ಒಳ್ಳೆಯವರು, ಹಾಜರಿ ಬರೆಯುವ ಚೆಕ್‌ರೋಲ್ ತಂದು ಬಿಡಿಸಿ ಇಟ್ಟರು. ಸಂತೆಯ ಮಾರನೇ ದಿನದ ಸಾಲಿನಲ್ಲಿ ಅರ್ಧಕ್ಕರ್ಧ ಖಾಲಿ. ಹಣ್ಣು ಕುಯ್ಲಿನ ಕಾಲದಲ್ಲೂ ಹಾಗೇ. ಸಾಹುಕಾರ್ರು ಬೆರಳಿಟ್ಟು ಒಂದೊಂದೇ ವಾರ ನೋಡಿದರು, ಮಾತಾಡಲಿಲ್ಲ. ಮುಂದಿನ ತಿಂಗಳಿಂದ ಬಟವಾಡೆ ಸಂತೆ ದಿನ ಬೆಳಿಗ್ಗೆ ಎಂಟಕ್ಕೆ ಆಯ್ತು. ಗಂಡನ ಕೂಲಿ ಗಂಡನಿಗೆ, ಹೆಂಡತಿಯದು ಹೆಂಡತಿಗೆ.

ಎರಡನೇ ವಾರ ಇಬ್ಬರು ಹೆಂಗಸರು ಏಟು ತಿಂದರು. ದುಡ್ಡಿಗಾಗಿ. ಇದನ್ನು ನಾನು ಮುಂಚೆ ಯೋಚಿಸಬೇಕಿತ್ತು, ಯೋಚಿಸಿರಲಿಲ್ಲ. ಒಬ್ಬರ ಕಣ್ಣು ಊದಿದ್ದು ನೋಡಿ ಅವತ್ತು ನನಗೆ ಊಟ ಸೇರಲಿಲ್ಲ. ಹೆಂಗಸರೇ ಕೂತು ದಾರಿ ಹುಡುಕಿದರು. ಬಟವಾಡೆ ಆದ ಕೂಡಲೇ ಎಲ್ಲರೂ ಒಟ್ಟಿಗೆ ಒಂದೇ ಜೀಪಿನಲ್ಲಿ ಸಂತೆಗೆ. ಹನ್ನೊಂದು ಗಂಟೆ ಹೊತ್ತಿಗೆ ದುಡ್ಡು ಅಕ್ಕಿ, ಎಣ್ಣೆ, ಒಣಮೀನು ಆಗಿರುತ್ತದೆ. ಕಿತ್ತುಕೊಳ್ಳಲು ಏನೂ ಉಳಿದಿರುವುದಿಲ್ಲ. ಹೊಡೆದ ಇಬ್ಬರ ಮನೆಗೆ ನಾನೂ ರೈಟ್ರೂ ಹೋಗಿ ಮಾತಾಡಿದೆವು. ಮುಂದಿನ ಸಲ ಪೊಲೀಸರಿಗೆ ಹೇಳುತ್ತೇವೆ ಅಂತಲೂ ಹೇಳಿದೆವು.

ಇದರಿಂದ ಯಾರೂ ಕುಡಿತ ಬಿಡಲಿಲ್ಲ. ಆದರೆ ಮನೆಯಲ್ಲಿ ಅಕ್ಕಿ ಇತ್ತು. ಅಕ್ಕಿ ಇರುವ ಮನೆಯಲ್ಲಿ ಚಿಕಿತ್ಸೆಯ ಮಾತು ಆಡಬಹುದು. ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್‌ಗೆ ಮನೋವೈದ್ಯರು ಬರುತ್ತಾರೆ. ಅಲ್ಲಿಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜ್ ಬೇರೆ. ಈ ಕಾರಣಕ್ಕೇ ಎಷ್ಟೋ ಜನ ಎರಡನೇ ಸಲ ಬರುವುದಿಲ್ಲ. ಮಂಗಳವಾರ ಆಸ್ಪತ್ರೆ ಚೀಟಿ ತಂದವರಿಗೆ ಅರ್ಧ ಕೂಲಿ ಕೊಡಿ ಅಂತ ಸಾಹುಕಾರ್ರನ್ನು ಒಪ್ಪಿಸಲು ನನಗೆ ಒಂದು ವರ್ಷ ಹಿಡಿಯಿತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಎಂಟು ದಿನದ ಮದ್ಯವರ್ಜನ ಶಿಬಿರಕ್ಕೂ ಕೆಲವರನ್ನು ಕಳಿಸಿದ್ದೇನೆ. ಶಿಬಿರದಿಂದ ಬಂದ ಮೇಲೆ, ಕುಡಿತ ಬಿಟ್ಟವರು ಸೇರುವ ನವಜೀವನ ಸಮಿತಿಗೆ ತಪ್ಪದೆ ಹೋಗುವವರು ಜಾಸ್ತಿ ದಿನ ನಿಲ್ಲುತ್ತಾರೆ, ಇದು ನಾನು ನೋಡಿದ್ದು.

ಹೆಂಗಸರ ಕುಡಿತದ ಬಗ್ಗೆ ಯಾರೂ ಕೇಳುವುದಿಲ್ಲ. ಮಳೆಗಾಲದಲ್ಲಿ ದಿನವಿಡೀ ಒದ್ದೆಯಲ್ಲಿ, ಜಿಗಣೆ ಕಿತ್ತುಕೊಳ್ಳುತ್ತಾ ಕಳೆ ತೆಗೆಯುವ ಅಜ್ಜಿಯೊಬ್ಬರು ರಾತ್ರಿ ಮಲಗುವ ಮೊದಲು ನೈಂಟಿ ಹಾಕುತ್ತಾರೆ ಅಂತ ನನಗೆ ತಿಳಿದದ್ದು ಆರನೇ ಭೇಟಿಯಲ್ಲಿ. ಪುಟದ ಎಲ್ಲ ಮನೆ ತುಂಬಿದ ಮೇಲೆ, ಬಾಗಿಲು ಮುಂದೆ ಮಾಡಿ ಹೇಳಿದರು. ಗಂಡಸು ಕುಡಿದರೆ ಕಷ್ಟ ಅನ್ನುತ್ತಾರೆ, ಹೆಂಗಸು ಕುಡಿದರೆ ನಡತೆ ಅನ್ನುತ್ತಾರೆ. ಹಾಗಾಗಿ ಆಸ್ಪತ್ರೆಗೂ ಬರುವುದಿಲ್ಲ.

ಇನ್ನೊಂದು ಮಾತು, ಮನೆಯವರಿಗೆ. ಕುಡಿಯುವವರಿಗೆ ಗೊತ್ತಾಗದ ಹಾಗೆ ಸಾರಿಗೆ ಬೆರೆಸಿ ಅಂತ ಮಾರುವ ಪುಡಿ, ಮಾತ್ರೆ ಕೊಡಬೇಡಿ. ಕೆಲವು ಮಾತ್ರೆ ಹೊಟ್ಟೆಯಲ್ಲಿರುವಾಗ ಕುಡಿದರೆ ಬಿಪಿ ಬಿದ್ದುಹೋಗಿ ಪ್ರಾಣಕ್ಕೇ ಬರುತ್ತದೆ. ಗೊತ್ತಿದ್ದು, ಒಪ್ಪಿ, ಡಾಕ್ಟರು ಹೇಳಿದ ಹಾಗೆ ತಗೊಳ್ಳಬೇಕಾದ ಮಾತ್ರೆ ಅವು. ಫೋನಿನಲ್ಲೇ ಕೇಳಬೇಕು ಅಂದರೆ 14446 ವ್ಯಸನಮುಕ್ತಿ ಸಹಾಯವಾಣಿ, 14416 ಟೆಲಿ ಮಾನಸ್, ಅಂದರೆ ಮಾನಸಿಕ ಆರೋಗ್ಯದ ಸಹಾಯವಾಣಿ. ಎರಡೂ ಉಚಿತ.

ಮರಗಸಿ ಅಣ್ಣ ಮೂರು ಸಲ ಬಿಟ್ಟರು, ಎರಡು ಸಲ ಮತ್ತೆ ಶುರು ಮಾಡಿದರು. ಮೂರನೇ ಸಲ ಆಸ್ಪತ್ರೆಯಲ್ಲೇ ಇದ್ದು ಬಿಟ್ಟರು, ಸೊಂಟದ ನೋವಿಗೂ ಔಷಧಿ ಆಯ್ತು, ಮರ ಹತ್ತುವುದು ನಿಲ್ಲಿಸಿ ನರ್ಸರಿ ಕೆಲಸಕ್ಕೆ ಹಾಕಿದರು. ಕೂಲಿ ಸ್ವಲ್ಪ ಕಡಿಮೆ. ನಾಲ್ಕು ವರ್ಷ ಆಗುತ್ತಾ ಬಂತು. ಹೋದ ಮಂಗಳವಾರ ಕ್ಲಿನಿಕ್ ಬಾಗಿಲಲ್ಲಿ ಪಕ್ಕದ ತೋಟದ ಹುಡುಗನೊಬ್ಬನ ರಟ್ಟೆ ಹಿಡಿದುಕೊಂಡು ನಿಂತಿದ್ದರು. ಹುಡುಗನ ಕೈ ನಡುಗುತ್ತಿತ್ತು.

“ಬುಕ್ ತೆಗಿ ಅಕ್ಕಾ” ಅಂದರು. “ಇವನಿಗೆ ಬಟವಾಡೆ ಶನಿವಾರ ಸಂಜೆ. ಅಲ್ಲಿಂದ ಬರ್ಕೋ.”