ಮುಂದೆ ಚೆಕ್‌ಪೋಸ್ಟ್: ಮನೆಮಂದಿಯೊಂದಿಗೆ ಕಾರಿನಲ್ಲಿ ಹೊರಟವರು ಮಾಡಬೇಕಾದ್ದು

ಚೆಕ್‌ಪೋಸ್ಟಿನಲ್ಲಿ ಹೋಗುವ ಹೊತ್ತಿನಲ್ಲಿ ಮುಕ್ಕಾಲು ಪಾಲು ಹುಡುಕಾಟಕ್ಕೇ ಹೋಗುತ್ತದೆ. ಆರ್‌ಸಿ ಡ್ಯಾಶ್‌ಬೋರ್ಡಿನಲ್ಲಿ, ಇನ್ಶೂರೆನ್ಸ್ ಮನೆಯ ಬೀರುವಿನಲ್ಲಿ, ಡಿಎಲ್ ಇರುವ ಪರ್ಸು ಡಿಕ್ಕಿಯೊಳಗಿನ ಯಾವುದೋ ಬ್ಯಾಗಿನಲ್ಲಿ. ಹೊರಡುವ ಹಿಂದಿನ ಸಂಜೆ ಅರ್ಧ ಗಂಟೆ ಕೊಟ್ಟರೆ ಇದೆಲ್ಲ ಎರಡು ನಿಮಿಷದ ಕೆಲಸ. ಮೈಸೂರು–ಗುಂಡ್ಲುಪೇಟೆ–ಊಟಿ ದಾರಿಯನ್ನೇ ಮಾದರಿಯಾಗಿ ಇಟ್ಟುಕೊಳ್ಳೋಣ. ಪೊಲೀಸರು, ಅರಣ್ಯ ಇಲಾಖೆ, ರಾಜ್ಯದ ಗಡಿ ಎಲ್ಲವೂ ಈ ಒಂದೇ ದಾರಿಯಲ್ಲಿ ಎದುರಾಗುತ್ತವೆ.

ಹಿಂದಿನ ಸಂಜೆಯ ಕೆಲಸ

ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ನಾಲ್ಕನ್ನೂ ಮೇಜಿನ ಮೇಲೆ ಹರಡಿ, ಒಂದೊಂದರ ಕೊನೆಯ ದಿನಾಂಕ ನೋಡಿ. ಸದ್ದಿಲ್ಲದೆ ಅವಧಿ ಮುಗಿಯುವುದು ಎಮಿಷನ್ ಸರ್ಟಿಫಿಕೇಟಿನದು. ಬಿಎಸ್-4, ಬಿಎಸ್-6 (ಹೊಗೆಯ ಮಿತಿಯ ಸರ್ಕಾರಿ ಮಾನದಂಡ) ಗಾಡಿಗಳಿಗೆ ಅದು ಒಂದು ವರ್ಷ ನಡೆಯುತ್ತದೆ, ಅದಕ್ಕಿಂತ ಹಳೆಯ ಗಾಡಿಗಳಿಗೆ ಆರೇ ತಿಂಗಳು. ಗಾಡಿಗೆ 15 ವರ್ಷ ತುಂಬಿದ್ದರೆ ಆರ್‌ಸಿ ನವೀಕರಣವಾಗಿದೆಯೇ ಎಂಬುದನ್ನೂ ನೋಡಿ. ಇನ್ಶೂರೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲಕ್ಕೆ ಕಾನೂನಿನಲ್ಲಿ 2,000 ರೂಪಾಯಿ ದಂಡವಿದೆ. ಆದರೆ ನಿಜವಾದ ನಷ್ಟ ಅಪಘಾತವಾದಾಗ ಗೊತ್ತಾಗುತ್ತದೆ.

ಗಾಡಿ ಅಪ್ಪನ ಹೆಸರಿನಲ್ಲಿದ್ದು ಮಗ ಓಡಿಸುತ್ತಿದ್ದರೆ ಅಡ್ಡಿಯಿಲ್ಲ. ಓಡಿಸುವವರ ಡಿಎಲ್ ಸರಿಯಿರಬೇಕು, ಗಾಡಿಯ ಕಾಗದ ಗಾಡಿಯಲ್ಲಿರಬೇಕು, ಅಷ್ಟೇ.

ಮೊಬೈಲಿನಲ್ಲಿ ತೋರಿಸುವವರು ಒಂದು ವ್ಯತ್ಯಾಸ ತಿಳಿದಿರಬೇಕು. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ಸಾರಿಗೆ ಇಲಾಖೆಯಿಂದ ನೇರವಾಗಿ ಬಂದ ಡಿಎಲ್, ಆರ್‌ಸಿಗೆ ಮೂಲ ದಾಖಲೆಯಷ್ಟೇ ಮಾನ್ಯತೆ ಇದೆ. ವಾಟ್ಸ್‌ಆ್ಯಪ್‌ನಲ್ಲಿರುವ ಫೋಟೊಗೆ ಆ ಮಾನ್ಯತೆ ಇಲ್ಲ. ನೀವೇ ಫೋಟೊ ತೆಗೆದು ಡಿಜಿಲಾಕರಿಗೆ ಹಾಕಿಕೊಂಡಿದ್ದರೂ ಅದು ಬರಿಯ ಫೋಟೊವೇ. ಡಿಎಲ್ ಆ್ಯಪ್‌ಗೆ ಬಾರದೆ ಸತಾಯಿಸಿದರೆ ಮೊದಲು ಹೆಸರು ನೋಡಿ. ಡಿಎಲ್‌ನಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ ಇದ್ದರೆ ಎರಡೂ ತಾಳೆಯಾಗುವುದಿಲ್ಲ. ನಮ್ಮ ಕಡೆ ಬಹಳ ಜನರಿಗೆ ಎದುರಾಗುವ ತೊಡಕು ಇದು, ಹಿಂದಿನ ರಾತ್ರಿ ಬಗೆಹರಿಯುವಂಥದ್ದೂ ಅಲ್ಲ. ಹಾಗಾದರೆ ಮೂಲ ಕಾರ್ಡನ್ನೇ ಒಯ್ಯಿರಿ. ಬಂಡೀಪುರದ ಕಾಡಿನೊಳಗೆ ನೆಟ್‌ವರ್ಕ್ ನಂಬುವ ಹಾಗಿಲ್ಲವಾದ್ದರಿಂದ ಆ್ಯಪ್ ಇರುವವರೂ ಕಾರ್ಡನ್ನು ಜೊತೆಗಿಟ್ಟುಕೊಳ್ಳುವುದೇ ಲೇಸು. ಎಲ್ಲವನ್ನೂ ಒಂದು ಜಿಪ್ ಕವರಿಗೆ ಹಾಕಿ ಚಾಲಕರ ಬಾಗಿಲಿನ ಜೇಬಿನಲ್ಲಿಡಿ.

ಈಗ ಕಾರಿನ ಹಿಂದಿನ ಸೀಟು ನೋಡಿ. ಅಂಗಡಿಯಲ್ಲಿ ಹಾಕಿಸಿದ ಸೀಟ್ ಕವರಿನ ಕೆಳಗೆ ಬೆಲ್ಟಿನ ಬಕಲ್ ಹೂತುಹೋಗಿರುತ್ತದೆ. ಕೈಹಾಕಿ ಮೂರನ್ನೂ ಮೇಲಕ್ಕೆಳೆದು ಒಮ್ಮೆ ಕ್ಲಿಕ್ ಮಾಡಿ ನೋಡಿ. ಹಿಂದೆ ಕೂತವರಿಗೂ ಬೆಲ್ಟ್ ಕಡ್ಡಾಯ. 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದೆ ಕೂರಿಸಿದರೆ ಮೋಟಾರು ವಾಹನ ಕಾಯ್ದೆಯ 194-ಬಿ ಪ್ರಕಾರ 1,000 ರೂಪಾಯಿ ದಂಡ. ದಂಡದ ಮಾತು ಹಾಗಿರಲಿ, ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಮಗುವನ್ನು ಕೂರಿಸಿಕೊಳ್ಳಲೇಬೇಡಿ. ಡಿಕ್ಕಿಯಾದಾಗ ಏರ್‌ಬ್ಯಾಗ್ ನೇರವಾಗಿ ಅಪ್ಪಳಿಸುವುದು ಆ ಮಗುವಿಗೇ.

ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಿದ್ದರೆ ಯಾವ ಚೆಕ್‌ಪೋಸ್ಟೂ ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ. ಬಾಡಿಗೆ ಟ್ಯಾಕ್ಸಿಯಾದರೆ ಯೆಲ್ಲೋ ಬೋರ್ಡ್ ಇರಬೇಕು, ತಮಿಳುನಾಡು ಅಥವಾ ಕೇರಳದ ಪರ್ಮಿಟ್ ಮತ್ತು ತೆರಿಗೆಯ ರಶೀದಿಯನ್ನು ಹೊರಡುವ ಮೊದಲೇ ಕೇಳಿ ನೋಡಬೇಕು. ಪರಿಚಯದವರ ವೈಟ್ ಬೋರ್ಡ್ ಕಾರನ್ನು ದುಡ್ಡು ಕೊಟ್ಟು ಒಯ್ಯುವುದು ಅಕ್ರಮ. ಗಾಡಿ ಅಲ್ಲೇ ಜಪ್ತಿಯಾದರೆ ಅಜ್ಜಿ, ಮಕ್ಕಳು ಲಗೇಜಿನ ಸಮೇತ ರಸ್ತೆ ಬದಿಯಲ್ಲಿ ನಿಲ್ಲಬೇಕಾಗುತ್ತದೆ.

ಬ್ಯಾರಿಕೇಡ್ ಕಂಡಾಗ

ದೂರದಿಂದಲೇ ವೇಗ ತಗ್ಗಿಸಿ, ಎಡಗಡೆಯ ಇಂಡಿಕೇಟರ್ ಹಾಕಿ. ರಾತ್ರಿಯಾದರೆ ಹೆಡ್‌ಲೈಟ್ ಡಿಮ್ ಮಾಡಿ ಒಳಗಿನ ದೀಪ ಹಾಕಿ. ಕಾರಿನಲ್ಲಿ ಸಂಸಾರವಿದೆ ಎಂದು ಹೊರಗಿದ್ದವರಿಗೆ ಕಾಣಬೇಕು, ಅರ್ಧದಷ್ಟು ಅನುಮಾನ ಅಲ್ಲಿಗೇ ಕಳೆಯುತ್ತದೆ. ಬ್ಯಾಟನ್ ಲೈಟ್ ತೋರಿಸಿದ ಕಡೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಗಾಜು ಪೂರ್ತಿ ಇಳಿಸಿ. ಇಳಿಯಿರಿ ಎನ್ನುವವರೆಗೆ ಸೀಟಿನಲ್ಲೇ ಇರಿ. ಹೆದ್ದಾರಿಯಲ್ಲಿ ಬಲಗಡೆಯ ಬಾಗಿಲು ತೆರೆಯುವುದೇ ಅಪಾಯ. ಮಾತನ್ನು ಚಾಲಕರೊಬ್ಬರಿಗೇ ಬಿಡಿ. "ನಮಸ್ಕಾರ ಸಾರ್, ಊಟಿಗೆ ಹೋಗ್ತಿದ್ದೀವಿ" ಎಂದು ಕವರ್ ಕೊಟ್ಟರೆ ಸಾಕು. ಹಿಂದಿನ ಸೀಟಿನಿಂದ ಇನ್ನೊಬ್ಬರು ಬೇರೆ ಊರಿನ ಹೆಸರು ಹೇಳಿದಾಗಲೇ ಪ್ರಶ್ನೆಗಳು ಹೆಚ್ಚುವುದು.

ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದರೆ ಡಿಎಲ್ ತೋರಿಸಲೇಬೇಕು. ಉಸಿರು ಪರೀಕ್ಷೆಗೂ ಇಲ್ಲ ಎನ್ನುವಂತಿಲ್ಲ, ಆದರೆ ಯಂತ್ರಕ್ಕೆ ಹೊಸ ಪೈಪ್ ಹಾಕಿ ಎಂದು ಧಾರಾಳವಾಗಿ ಕೇಳಬಹುದು. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂಗಿಂತ ಹೆಚ್ಚು ಮದ್ಯಾಂಶವಿದ್ದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ.

ಪೊಲೀಸರಿಗೂ ಕಟ್ಟುಪಾಡುಗಳಿವೆ. 2025ರಲ್ಲಿ ಮಂಡ್ಯದಲ್ಲಿ ತಪಾಸಣೆಗೆಂದು ಬೈಕ್ ತಡೆದಾಗ ಪುಟ್ಟ ಮಗುವೊಂದು ರಸ್ತೆಗೆ ಬಿದ್ದು ಜೀವ ಬಿಟ್ಟಿತು. ಅದಾದ ಮೇಲೆ ರಾಜ್ಯದ ಪೊಲೀಸ್ ಮಹಾನಿರ್ದೇಶಕರು ಸೂಚನೆ ಹೊರಡಿಸಿದರು: ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಬರಿಯ ದಾಖಲೆ ನೋಡಲೆಂದು ಗಾಡಿಗೆ ದಿಢೀರನೆ ಅಡ್ಡ ಬರಬಾರದು, ಕೀ ಕಿತ್ತುಕೊಳ್ಳಬಾರದು, ಅಟ್ಟಿಸಿಕೊಂಡು ಹೋಗಬಾರದು. ಇದನ್ನು ತಿಳಿದಿರಿ, ಆದರೆ ರಸ್ತೆಯಲ್ಲಿ ವಾದಕ್ಕೆ ಬಳಸಬೇಡಿ. ತಪ್ಪಾಗಿದೆ ಅನ್ನಿಸಿದರೆ ಎದೆಯ ಮೇಲಿನ ಹೆಸರು, ಸ್ಥಳ, ಸಮಯ ಬರೆದಿಟ್ಟುಕೊಂಡು ಆಮೇಲೆ ದೂರು ಕೊಡಿ. ಅಲ್ಲೇ ತೊಂದರೆಯಾದರೆ 112.

ದಂಡ ಎಂದರೆ ರಶೀದಿ ಇರಲೇಬೇಕು. ಕೈಯಂತ್ರದಿಂದ ಚಲನ್ ಬಂದ ಮೇಲೆಯೇ ದುಡ್ಡು ಕೊಡಿ. ತಪ್ಪು ಒಪ್ಪದಿದ್ದರೆ ಸ್ಥಳದಲ್ಲೇ ಕಟ್ಟಬೇಕೆಂದಿಲ್ಲ, ನ್ಯಾಯಾಲಯದಲ್ಲಿ ಹೇಳಿಕೊಳ್ಳಬಹುದು. ಡಿಎಲ್ ಇಟ್ಟುಕೊಂಡರೆ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಅದರಲ್ಲಿ ಬರೆದ ದಿನಾಂಕದವರೆಗೆ ಆ ಚೀಟಿಯ ಮೇಲೆಯೇ ಗಾಡಿ ಓಡಿಸಬಹುದು.

ನಿಲ್ಲಿಸಿದವರು ಯಾರು?

ಖಾಕಿ ಕಂಡ ಕೂಡಲೇ ಡಿಎಲ್ ತೆಗೆಯುವುದು ರೂಢಿ. ಆದರೆ ಒಂದೊಂದು ಗೇಟಿನವರು ಕೇಳುವುದು ಒಂದೊಂದು. ಗೋವಾದಿಂದ ಬರುವಾಗ ಕಾರವಾರದ ಮಾಜಾಳಿಯಲ್ಲಿ ಅಬಕಾರಿಯವರು ಹುಡುಕುವುದು ಅಲ್ಲಿನ ಅಗ್ಗದ ಬಾಟಲಿಗಳನ್ನು. ಪರ್ಮಿಟ್ ಇಲ್ಲದೆ ತರಬೇಡಿ. ಚುನಾವಣೆಯ ನೀತಿಸಂಹಿತೆ ಇರುವಾಗ 50,000 ರೂಪಾಯಿ ಮೀರಿದ ನಗದಿಗೆ ದಾಖಲೆ ಕೇಳುತ್ತಾರೆ. ಮದುವೆ, ಆಸ್ಪತ್ರೆ ಖರ್ಚಿಗೆಂದು ಒಯ್ಯುವವರು ಬ್ಯಾಂಕಿನಿಂದ ತೆಗೆದ ಚೀಟಿ, ಲಗ್ನಪತ್ರಿಕೆ ಅಥವಾ ಆಸ್ಪತ್ರೆಯ ಕಾಗದವನ್ನು ದುಡ್ಡಿನ ಜೊತೆಗೇ ಇಟ್ಟುಕೊಳ್ಳಿ.

ಊಟಿ ದಾರಿಯಲ್ಲಿ ಗಡಿ ದಾಟಿದ ಕೂಡಲೇ ತಮಿಳುನಾಡಿನ ಕಕ್ಕನಹಳ್ಳ ಚೆಕ್‌ಪೋಸ್ಟ್ ಸಿಗುತ್ತದೆ. ನೀಲಗಿರಿಗೆ ಹೋಗುವ ಗಾಡಿಗಳಿಗೆ ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಬೇಕು. 2025ರ ಬೇಸಿಗೆಯಲ್ಲಿ ವಾರದ ದಿನಗಳಿಗೆ 6,000, ವಾರಾಂತ್ಯಕ್ಕೆ 8,000 ಗಾಡಿಗಳ ಮಿತಿಯನ್ನೂ ಹಾಕಲಾಗಿತ್ತು. ಹಾಗಾಗಿ ರೂಮ್ ಬುಕ್ ಮಾಡುವ ಮೊದಲೇ ಪಾಸ್ ಮಾಡಿಸಿ, ಸ್ಕ್ರೀನ್‌ಶಾಟ್ ತೆಗೆದಿಡಿ. ನೀರಿನ ಪ್ಲಾಸ್ಟಿಕ್ ಬಾಟಲಿಗಳನ್ನು ಇಲ್ಲಿ ಕಿತ್ತಿಡುತ್ತಾರೆ. ಸ್ಟೀಲ್ ಬಾಟಲಿ ಒಯ್ದರೆ ಮಕ್ಕಳ ನೀರು ಉಳಿಯುತ್ತದೆ.

ಬಂಡೀಪುರದ ಗೇಟ್ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. 2009ರಿಂದ ಇರುವ ಈ ನಿಯಮ ಊಟಿ ದಾರಿಗೂ ಕೇರಳದ ಸುಲ್ತಾನ್ ಬತ್ತೇರಿ ದಾರಿಗೂ ಒಂದೇ. ರಾತ್ರಿ ರಸ್ತೆ ದಾಟುವ ಜಿಂಕೆ, ಆನೆಗಳು ಗಾಡಿಗೆ ಸಿಕ್ಕಿ ಸಾಯುತ್ತಿದ್ದವು ಎಂಬ ಕಾರಣಕ್ಕೆ ಬಂದ ನಿಷೇಧವಾದ್ದರಿಂದ ಗೇಟಿನವರನ್ನು ಅಂಗಲಾಚಬೇಡಿ. ಹಿಂದಿರುಗುವಾಗ ಸಂಜೆ 5ರೊಳಗೆ ಊಟಿ ಬಿಡಿ. ಊಟಿಯಿಂದ ಮಸಿನಗುಡಿ ಕಡೆಗಿರುವ ಕಲ್ಲಟ್ಟಿ ಘಾಟಿಯಲ್ಲಿ ಹೊರಗಿನ ಗಾಡಿಗಳನ್ನು ಇಳಿಯಲು ಬಿಡುವುದಿಲ್ಲ, ಆದ್ದರಿಂದ ಗೂಡಲೂರಿನ ಮೇಲೆಯೇ ಬರಬೇಕು. ಗೂಡಲೂರು ತಲುಪುವಾಗಲೇ ಗಂಟೆ ಎಂಟಾಗಿದ್ದರೆ ಮುಂದಿನ ಕಾಡುದಾರಿಯಲ್ಲಿ ಓಡಿಸಿಕೊಂಡು ಬರಬೇಡಿ. ಅಲ್ಲೇ ರೂಮ್ ಮಾಡಿ ಉಳಿದು, ಬೆಳಿಗ್ಗೆ ಗೇಟ್ ತೆರೆಯುವ ಹೊತ್ತಿಗೆ ಹೊರಡಿ.