ಡಿಸ್ಕ್ ತುಂಬಿದಾಗ ಯಾವ ಬ್ಯಾಕಪ್ ಅಳಿಸಬೇಕು: ನನ್ನ ಅನುಭವ

ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಕಂಪ್ಯೂಟರ್‌ಗಳನ್ನು ಹತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಆರು ಡಿಟಿಪಿ ಮಷಿನ್, ಒಂದು ಟ್ಯಾಲಿ ಮಷಿನ್, ಒಂದು ಉಬುಂಟು ಸರ್ವರ್. ದಿನದ ಬ್ಯಾಕಪ್ಪಿಗೆ 4 ಟಿಬಿ ಡಿಸ್ಕ್ ಒಂದೇ. ಅದರಲ್ಲೇ ವರ್ಷಗಟ್ಟಲೆ ಹಳೇ ಆವೃತ್ತಿ ಇಡುತ್ತೇನೆ ಅಂದಾಗ ಹುಬ್ಬಳ್ಳಿಯ ಗೆಳೆಯರು ಯಾರೂ ಒಪ್ಪಲಿಲ್ಲ. "ಡಿಸ್ಕ್ ಏನ್ ಬಂಗಾರ ಏನ್ರಿ, ಇನ್ನೊಂದು ತಗೋರಿ" ಅಂದರು. ಈಗ ಮೂರು ವರ್ಷ ಆಯಿತು. ಅದೇ ಡಿಸ್ಕ್ ನಡೆಯುತ್ತಿದೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಕೆಟ್ಟ ಕಥೆ. ನನ್ನ ಪದ್ಧತಿ ಎಲ್ಲರದ್ದೇ: ಫೈಲ್ ನಕಲು ಮಾಡಲು ಆರ್‌ಸಿಂಕ್, ಹಿಂದಿನ ಪ್ರತಿಯೊಂದಿಗೆ ಹೋಲಿಸಲು ಅದರ ಲಿಂಕ್-ಡೆಸ್ಟ್ ಆಪ್ಷನ್, ರಾತ್ರಿ 11ಕ್ಕೆ ತಾನಾಗಿ ಓಡಿಸಲು ಕ್ರಾನ್. ದಿನಕ್ಕೊಂದು ಫೋಲ್ಡರ್, ಬದಲಾಗದ ಫೈಲ್‌ಗಳಿಗೆ ಹಾರ್ಡ್‌ಲಿಂಕ್, ಅಂದರೆ ಡಿಸ್ಕಿನಲ್ಲಿ ಆಗಲೇ ಇರುವ ಫೈಲಿಗೆ ಇನ್ನೊಂದು ಹೆಸರು ಅಷ್ಟೇ. ಅಳಿಸುವುದಕ್ಕೆ ಮಾತ್ರ ಮೂರು ಸಾಲಿನ ಲೂಪ್ ಬರೆದಿದ್ದೆ. ಜಾಗ ಕಡಿಮೆ ಆದರೆ ಎಲ್ಲಕ್ಕಿಂತ ಹಳೇದನ್ನು ತೆಗೆ, ಸಾಲದಿದ್ದರೆ ಮುಂದಿನದನ್ನು ತೆಗೆ. ಎರಡು ವರ್ಷ ಒಂದು ತಕರಾರೂ ಇರಲಿಲ್ಲ.

2022ರ ಏಪ್ರಿಲ್, ಲಗ್ನಪತ್ರಿಕೆಯ ಸೀಸನ್. ಒಬ್ಬ ಆಪರೇಟರ್ ಮಧ್ಯಾಹ್ನ ಸರ್ವರ್ ಮೇಲಿದ್ದ ದೊಡ್ಡ ಫೋಲ್ಡರ್ ಹೆಸರನ್ನು "ಹಳೆ ಕೆಲಸ" ಅಂತ ಬದಲಿಸಿದ. ಒಳಗೆ ಸುಮಾರು 700 ಜಿಬಿ. ಫೈಲಿನ ದಾರಿ (ಪಾತ್) ಬದಲಾದರೆ ಲಿಂಕ್-ಡೆಸ್ಟ್‌ಗೆ ಅದು ಹೊಸ ಫೈಲೇ, ಅಲ್ವಾ? ರಾತ್ರಿ ಅಷ್ಟನ್ನೂ ಮತ್ತೆ ನಕಲು ಮಾಡಲು ಹೊರಟಿತು. ಖಾಲಿ ಇದ್ದದ್ದು 250 ಜಿಬಿ ಇರಬೇಕು. ಡಿಸ್ಕ್ ತುಂಬಿತು, ಲೂಪ್ ಶುರುವಾಯಿತು. ಹಳೇ ಫೋಲ್ಡರ್ ತೆಗೆದರೂ ಅದರ ಫೈಲ್‌ಗಳು ಮುಂದಿನ ಫೋಲ್ಡರ್‌ಗಳಲ್ಲೂ ಲಿಂಕ್ ಆಗಿರುತ್ತವೆ. ಹೀಗಾಗಿ ಒಂದೊಂದಕ್ಕೆ ಸಿಗುವುದು 5–10 ಜಿಬಿ ಮಾತ್ರ. ಒಂದು ತೆಗೆ, ಸಾಲಲಿಲ್ಲ, ಇನ್ನೊಂದು ತೆಗೆ. ಬೆಳಗ್ಗೆ ಬಂದು ನೋಡಿದರೆ 50 ಚಿಲ್ಲರೆ ಫೋಲ್ಡರ್‌ಗಳಲ್ಲಿ ಮೂರು ಉಳಿದಿದ್ದವು. ಅದರಲ್ಲೂ ಕೊನೆಯದು ಅರ್ಧಂಬರ್ಧ.

ಅದೇ ವಾರ ಒಂದು ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯ ಪೇಜ್‌ಮೇಕರ್ ಫೈಲ್ ತೆರೆದೆವು. ಎರಡು ವಾರದ ಹಿಂದೆಯೇ ಅದರ ಮೇಲೆ ಬೇರೆ ಕೆಲಸ ಸೇವ್ ಆಗಿತ್ತು. ಒಳ್ಳೇ ಆವೃತ್ತಿ ಇದ್ದದ್ದು ಅಳಿದುಹೋದ ಫೋಲ್ಡರ್‌ಗಳಲ್ಲಿ. ವಾರಕ್ಕೊಮ್ಮೆ ಮಾಲೀಕರ ಮನೆಗೆ ಹೋಗುವ ಡಿಸ್ಕಿನಲ್ಲಿ ಇತ್ತೀಚಿನ ಒಂದೇ ಪ್ರತಿ ಇರುತ್ತದೆ, ಅದೂ ಕೆಟ್ಟದ್ದೇ. ಡೇಟಾ ರಿಕವರಿಯವರು 30 ಸಾವಿರದ ಮೇಲೆ ಕೇಳಿದರು, ಗ್ಯಾರಂಟಿ ಇಲ್ಲ ಅಂತಲೂ ಹೇಳಿದರು. ಕೊನೆಗೆ 180 ಪುಟ ಪ್ರೂಫ್ ಪ್ರತಿ ನೋಡಿ "ನುಡಿ" ತಂತ್ರಾಂಶದಲ್ಲಿ ಮತ್ತೆ ಟೈಪ್ ಮಾಡಿಸಿದೆವು. ಇಬ್ಬರು ಆಪರೇಟರ್, ಒಂಬತ್ತು ರಾತ್ರಿ. ಓವರ್‌ಟೈಮ್, ಮತ್ತೆ ಪ್ಲೇಟ್, ಎಲ್ಲ ಸೇರಿ 40 ಸಾವಿರದ ಹತ್ತಿರ ಹೋಯಿತು. ಮಾಲೀಕರು ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ನನಗೆ ಜಾಸ್ತಿ ಚುಚ್ಚಿತು.

ಸಿಟ್ಟಿನಲ್ಲಿ ಮಾಡಿದ ಮೊದಲ ರಿಪೇರಿಯೂ ಕೆಟ್ಟದ್ದೇ ಆಯಿತು. 60 ದಿನ ದಾಟಿದ್ದು ಮಾತ್ರ ಹೋಗಲಿ ಅಂತ ಫೈಲ್ ಹುಡುಕುವ ಫೈಂಡ್ ಕಮಾಂಡಿಗೆ ಎಂಟೈಮ್ (ಕೊನೆಗೆ ಬದಲಾದ ತಾರೀಖು) ಹಾಕಿದೆ. ಆರ್‌ಸಿಂಕಿಗೆ ಆರ್ಕೈವ್ ಆಪ್ಷನ್ ಕೊಟ್ಟರೆ ಬ್ಯಾಕಪ್ ಫೋಲ್ಡರಿಗೂ ಮೂಲ ಫೋಲ್ಡರಿನ ತಾರೀಖೇ ಬರುತ್ತದೆ ಅನ್ನುವುದು ತಲೆಗೆ ಹೊಳೆದಿರಲಿಲ್ಲ. ನಿನ್ನೆ ರಾತ್ರಿಯ ಬ್ಯಾಕಪ್ "ನಾಲ್ಕು ತಿಂಗಳು ಹಳೇದು" ಅಂತ ಪಟ್ಟಿಯಲ್ಲಿ ಬಂತು. ಪುಣ್ಯಕ್ಕೆ ಆಗ ಅಳಿಸದೆ ಪಟ್ಟಿ ಮಾತ್ರ ತೋರಿಸುವ ಹಾಗೆ ಬಿಟ್ಟಿದ್ದೆ. ಅಲ್ಲಿಂದ ವಯಸ್ಸನ್ನು ಫೋಲ್ಡರ್ ಹೆಸರಿನಿಂದಲೇ ಲೆಕ್ಕ ಹಾಕುತ್ತೇನೆ. ದಿನ ಎಣಿಸಿ ಅಳಿಸುವುದರಲ್ಲಿ ಇನ್ನೂ ದೊಡ್ಡ ತೊಂದರೆ ಇದೆ. ಬ್ಯಾಕಪ್ ನಿಂತುಹೋಗಿ ಎರಡು ತಿಂಗಳು ಯಾರೂ ನೋಡದಿದ್ದರೆ, ಇದ್ದ ಒಳ್ಳೇದೆಲ್ಲ "ಹಳೇದು" ಆಗಿ ಹೋಗಿಬಿಡುತ್ತದೆ. ಎಣಿಸಬೇಕಾದ್ದು ಸರಿಯಾಗಿ ಮುಗಿದ ಬ್ಯಾಕಪ್‌ಗಳನ್ನು, ದಿನಗಳನ್ನಲ್ಲ.

ಈಗ ನಡೆಯುತ್ತಿರುವ ಪದ್ಧತಿ ಹೇಳುತ್ತೇನೆ. ಬ್ಯಾಕಪ್ಪಿಗೆ ಮೊದಲು ಆರ್‌ಸಿಂಕನ್ನು ಡ್ರೈ-ರನ್ನಿನಲ್ಲಿ (ನಕಲು ಮಾಡದೆ ಲೆಕ್ಕ ಮಾತ್ರ ಹಾಕುವ ಹಾಗೆ) ಓಡಿಸಿ, ಸ್ಟ್ಯಾಟ್ಸ್ ಆಪ್ಷನ್ನಿನಿಂದ ಎಷ್ಟು ಡೇಟಾ ಹೋಗಲಿದೆ ಅಂತ ತೆಗೆದುಕೊಳ್ಳುತ್ತೇನೆ. ಸಾಮಾನ್ಯ ದಿನ 15–20 ಜಿಬಿ, ಸೀಸನ್ನಿನಲ್ಲಿ 40ರ ತನಕ. 120 ದಾಟಿದರೆ ಬ್ಯಾಕಪ್ ಅಲ್ಲೇ ನಿಲ್ಲುತ್ತದೆ, ನನ್ನ ಫೋನಿಗೆ ಮೆಸೇಜ್ ಬರುತ್ತದೆ. ಫೋಲ್ಡರ್ ಹೆಸರು ಬದಲಾದರೂ, ರಾನ್ಸಮ್‌ವೇರ್ ಬಂದು ಎಲ್ಲ ಫೈಲ್ ತಿರುಚಿದರೂ, ಮೊದಲು ಕಾಣುವುದು ಈ ಅಂಕಿಯಲ್ಲೇ. ಹೊಸ ಬ್ಯಾಕಪ್ "ಅರ್ಧ" ಅನ್ನುವ ಹೆಸರಿನಲ್ಲಿ ಶುರುವಾಗುತ್ತದೆ. ಮುಗಿದು, ಎರಡು ಮೂರು ಫೈಲ್‌ಗಳ ಚೆಕ್‌ಸಮ್ (ಒಳಗಿನ ಡೇಟಾದಿಂದ ಲೆಕ್ಕ ಹಾಕುವ ಗುರುತು ಸಂಖ್ಯೆ) ತಾಳೆಯಾದ ಮೇಲೆಯೇ ತಾರೀಖಿನ ಹೆಸರು ಸಿಗುತ್ತದೆ. ಯಾವ ಫೈಲ್‌ಗಳನ್ನು ಆರಿಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಅಳಿಸುವ ಕೆಲಸ ಅದಾದ ಮೇಲೆ. ನಾಳೆ ರಾತ್ರಿಗೆ ಬೇಕಾದ ಜಾಗವನ್ನು ಇವತ್ತೇ ಮಾಡಿಡುತ್ತೇನೆ. ಹೊಸದು ಕೈಗೆ ಬಂದ ಮೇಲೆಯೇ ಹಳೇದಕ್ಕೆ ಕೈ ಹಾಕುವುದು. ಎಲ್ಲಕ್ಕಿಂತ ಹಳೇದನ್ನೇ ತೆಗೆಯುವುದನ್ನು ಪೂರ್ತಿ ಬಿಟ್ಟೆ. ಪ್ರತಿ ಫೋಲ್ಡರಿನಲ್ಲೂ ಲಿಂಕ್ ಎಣಿಕೆ 1 ಇರುವ, ಅಂದರೆ ಬೇರೆ ಯಾವ ಫೋಲ್ಡರಿನಲ್ಲೂ ಇಲ್ಲದ ಫೈಲ್‌ಗಳನ್ನು ಫೈಂಡ್ ಹಾಕಿ ಹುಡುಕಿ ಗಾತ್ರ ಕೂಡಿಸುತ್ತೇನೆ. ಅದನ್ನು ಅಳಿಸಿದರೆ ನಿಜವಾಗಿ ಸಿಗುವ ಜಾಗ ಅಷ್ಟೇ. ಒಂದು ದಿನ ಬಂದು ಮರುದಿನ ಹೋದ 2 ಜಿಬಿಯ ಫ್ಲೆಕ್ಸ್ ಬ್ಯಾನರಿನ ಟಿಫ್ (ಚಿತ್ರ) ಫೈಲ್‌ಗಳು ಇರುವ ದಿನ ಒಂದೇ ಏಟಿಗೆ 30 ಜಿಬಿ ಕೊಡುತ್ತದೆ. ಪಕ್ಕದ ದಿನ 300 ಎಂಬಿಯನ್ನೂ ಕೊಡುವುದಿಲ್ಲ. 300 ಎಂಬಿಗಾಗಿ ಒಂದು ದಿನದ ಇತಿಹಾಸ ಯಾಕೆ ಕಳೆಯಬೇಕು? ಹೀಗಾಗಿ ಜಾಸ್ತಿ ಜಾಗ ಕೊಡುವ ದಿನಗಳನ್ನು ನಡುವಿನಿಂದ ಆರಿಸಿ ತೆಗೆಯುತ್ತೇನೆ. ಕೊನೆಯ 10 ದಿನ, ಪ್ರತಿ ತಿಂಗಳ ಕೊನೆ, ಪ್ರತಿ ಮಾರ್ಚ್ 31 ಮುಟ್ಟುವ ಹಾಗಿಲ್ಲ. ಒಂದು ರಾತ್ರಿಗೆ ಎರಡಕ್ಕಿಂತ ಜಾಸ್ತಿ ಅಳಿಸುವ ಹಾಗೂ ಇಲ್ಲ. ಸಾಲದಿದ್ದರೆ ಸ್ಕ್ರಿಪ್ಟ್ ಕೈಕಟ್ಟಿ ನಿಂತು ನನ್ನನ್ನು ಕರೆಯಬೇಕು. ಆ ಮಿತಿ ಒಂದಿದ್ದಿದ್ದರೂ ಸಂಚಿಕೆ ಉಳಿಯುತ್ತಿತ್ತು.

ಟ್ಯಾಲಿ ಡೇಟಾವನ್ನು ಈ ಲೆಕ್ಕದಿಂದ ಹೊರಗಿಟ್ಟೆ. ಜಿಎಸ್‌ಟಿ ಕಾಯ್ದೆ ಪ್ರಕಾರ ವಾರ್ಷಿಕ ರಿಟರ್ನಿನ ಕೊನೆ ದಿನದಿಂದ 72 ತಿಂಗಳು ಲೆಕ್ಕ ಇಡಬೇಕು. ಅದಿರುವುದೇ ಒಂದೂವರೆ ಜಿಬಿ. ಬ್ಯಾನರ್ ಫೈಲ್ ತುಂಬಿತು ಅಂತ ಲೆಕ್ಕದ ಬ್ಯಾಕಪ್ ಹೋಗಬಾರದು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಜಿಪ್ ಮಾಡಿದರೆ ಜಾಗ ಉಳಿಯುತ್ತದೆ ಅಂದರು. ಡಿಸೈನ್ ಮಾಡುವ ಕೋರೆಲ್‌ಡ್ರಾದ ಎಕ್ಸ್4ರಿಂದ ಈಚಿನ ಸಿಡಿಆರ್ ಫೈಲ್ ಒಳಗೆ ಮೊದಲೇ ಜಿಪ್, ಅದರಲ್ಲಿ ಏನೂ ಸಿಗಲಿಲ್ಲ. ಕಂಪ್ರೆಸ್ ಮಾಡದ ಟಿಫ್ ಮಾತ್ರ ಚೆನ್ನಾಗಿ ಕುಗ್ಗಿತು. ಡಿಸ್ಕಿನ ಮೇಲೆ ಬಿಟಿಆರ್‌ಎಫ್‌ಎಸ್ ಅನ್ನುವ ಬೇರೆ ಫೈಲ್‌ಸಿಸ್ಟಮ್ ಎರಡು ತಿಂಗಳು ಓಡಿಸಿದೆ. ಖಾಲಿ ಜಾಗ ತೋರಿಸುವ ಡಿಎಫ್ ಕಮಾಂಡ್ ಜಾಗ ಇದೆ ಅನ್ನುತ್ತಿತ್ತು, ಬರೆಯಲು ಹೋದರೆ ಜಾಗ ಇಲ್ಲ ಅನ್ನುತ್ತಿತ್ತು. ಬ್ಯಾಲೆನ್ಸ್ (ಡೇಟಾದ ಮರುಜೋಡಣೆ) ಮಾಡಿ ಮಾಡಿ ಬೇಸರ ಬಂತು. ರೆಸ್ಟಿಕ್ ಅನ್ನುವ ಬ್ಯಾಕಪ್ ತಂತ್ರಾಂಶ ನನಗೆ ನಿಜವಾಗಿ ಇಷ್ಟವಾಯಿತು. ಫೋಲ್ಡರ್ ಹೆಸರು ಬದಲಿಸಿದರೂ ಅದು ಡೇಟಾವನ್ನು ಮತ್ತೆ ನಕಲು ಮಾಡುವುದಿಲ್ಲ. ಆದರೆ ಫರ್ಗೆಟ್ ಮಾಡಿದ (ಹಳೇ ಬ್ಯಾಕಪ್ಪನ್ನು ಪಟ್ಟಿಯಿಂದ ತೆಗೆದ) ಮಾತ್ರಕ್ಕೆ ಜಾಗ ಬಿಡುವುದಿಲ್ಲ, ಪ್ರೂನ್ ಮಾಡಬೇಕು, ಅಂದರೆ ಬೇಡವಾದ ಡೇಟಾವನ್ನು ನಿಜವಾಗಿ ಅಳಿಸಬೇಕು. ನಮ್ಮ ಹಳೇ ಯುಎಸ್‌ಬಿ 2 ಪೋರ್ಟಿನಲ್ಲಿ ಪ್ರೂನ್ ರಾತ್ರಿಯಿಡೀ ಓಡಿ ಬೆಳಗ್ಗೆಯೂ ಮುಗಿದಿರಲಿಲ್ಲ. ಪ್ರೂನಿಗೂ ಸ್ವಲ್ಪ ಖಾಲಿ ಜಾಗ ಬೇಕು. ಪೂರ್ತಿ ತುಂಬಿದ ಮೇಲೆ ಒದ್ದಾಡಬೇಕಾಗುತ್ತದೆ. ಇನ್ನೂ ಮುಖ್ಯವಾದದ್ದು, ನಾನಿಲ್ಲದ ದಿನ ಆಪರೇಟರ್ ಫೋಲ್ಡರ್ ತೆರೆದು ಫೈಲ್ ಎಳೆದುಕೊಳ್ಳಬೇಕು. ಹಾರ್ಡ್‌ಲಿಂಕಿನಲ್ಲಿ ಅದು ಆಗುತ್ತದೆ.

ಪುಕ್ಕಟೆ ಜಾಗವೂ ಸಿಕ್ಕಿತು. ಲಿನಕ್ಸಿನ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ರೂಟಿಗಾಗಿ (ಅಡ್ಮಿನ್ ಬಳಕೆದಾರನಿಗಾಗಿ) ನೂರಕ್ಕೆ 5 ಕಾಯ್ದಿರಿಸುತ್ತದೆ. 4 ಟಿಬಿಯಲ್ಲಿ ಅದು 200 ಜಿಬಿ. ಟ್ಯೂನ್2ಎಫ್‌ಎಸ್ ಕಮಾಂಡ್ ಹಾಕಿ ನೂರಕ್ಕೆ 1ಕ್ಕೆ ಇಳಿಸಿದೆ. ಒಂದು ಮೂಲೆಯಲ್ಲಿ 20 ಜಿಬಿಯ ಸುಮ್ನೆ ಫೈಲ್ ಒಂದನ್ನೂ ಇಟ್ಟಿದ್ದೇನೆ. ಡಿಸ್ಕ್ ಪೂರ್ತಿ ತುಂಬಿದರೆ ಅದನ್ನು ಅಳಿಸಿ ಉಸಿರಾಡಬಹುದು. ಈ ತನಕ ಒಂದೇ ಸಲ ಬೇಕಾಯಿತು.

ಡಿಸ್ಕಿಗೆ ಆಗ ಕೊಟ್ಟದ್ದು 9 ಸಾವಿರ ಚಿಲ್ಲರೆ. ಆಮೇಲೆ ಡಿಸ್ಕಿಗಾಗಿ ಒಂದು ರೂಪಾಯಿಯೂ ಖರ್ಚಾಗಿಲ್ಲ. ಊರಿನ ಇನ್ನೂ ಎರಡು ಪ್ರೆಸ್ಸಿನವರು ಇದನ್ನೇ ಹಾಕಿಸಿಕೊಂಡರು. ಆಗ ಒಪ್ಪದಿದ್ದ ಗೆಳೆಯರಲ್ಲೊಬ್ಬರು ಸ್ಕ್ರಿಪ್ಟ್ ಕೇಳಿದರು, ಕೊಟ್ಟೆ. ಯಾವ ದಿನ ತೆಗೆಯಬೇಕು ಅಂತ ಆರಿಸುವ ಸಾಲಿನಲ್ಲಿ ಇನ್ನೊಂದು ಲೆಕ್ಕ ಸೇರಿಸಿದ್ದೇನೆ, ಅದನ್ನು ಕೊಟ್ಟಿಲ್ಲ. ಕಳೆದ ತಿಂಗಳು ಒಬ್ಬ ಗ್ರಾಹಕರು 2023ರ ಲಗ್ನಪತ್ರಿಕೆಯ ಡಿಸೈನ್ ಕೇಳಿಕೊಂಡು ಬಂದರು, ತಮ್ಮನಿಗೂ ಅದೇ ಬೇಕಂತೆ. ಸರ್ವರ್ ಮೇಲೆ ಅದು ಯಾವಾಗಲೋ ಅಳಿದಿತ್ತು. 2023ರ ಮೇ 31ರ ಫೋಲ್ಡರ್ ತೆರೆದೆ. ಚಹಾ ಬರುವಷ್ಟರಲ್ಲಿ ಫೈಲ್ ಸ್ಕ್ರೀನ್ ಮೇಲಿತ್ತು.